ಹತ್ತು ಜನರಿಂದ ನೂರಕ್ಕೆ: ಬೆಳೆಯುವ ಸ್ಟಾರ್ಟಪ್‌ನಲ್ಲಿ ತಂಡದ ಕಸುವು ಸೋರುವುದೆಲ್ಲಿ

ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್ ಹಗ್ಗ ಎಳೆಯುವವರ ಬಲ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕವನ್ನು ಸ್ಟಾರ್ಟಪ್ ಕಟ್ಟುವವರು ಒಮ್ಮೆಯಾದರೂ ನೋಡಬೇಕು. ಒಬ್ಬನೇ ಎಳೆದಾಗಿನ ಬಲ ನೂರು ಎಂದಿಟ್ಟುಕೊಂಡರೆ, ಎಂಟು ಜನ ಸೇರಿ ಎಳೆದಾಗ ತಲಾ ಬಲ ಐವತ್ತರ ಆಸುಪಾಸಿಗೆ ಕುಸಿದಿತ್ತು. ಎಂಟು ಜನರ ಕೂಲಿ, ನಾಲ್ಕು ಜನರ ಕೆಲಸ. ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯದೆ ಬಲ ಪೋಲಾಗಿರಬಹುದು. ‘ಉಳಿದವರು ಎಳೀತಾರೆ ಬಿಡು’ ಎಂದು ಕೈ ಸಡಿಲಿಸಿದ್ದೂ ಇರಬಹುದು. 1974ರಲ್ಲಿ ಅಮೆರಿಕದ ಸಂಶೋಧಕರು ಎಳೆಯುವವನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದಿನವರೂ ಎಳೆಯುತ್ತಿದ್ದಾರೆಂದು ನಂಬಿಸಿ, ಅವನೊಬ್ಬನೇ ಎಳೆಯುವಂತೆ ಮಾಡಿ ನೋಡಿದರು. ಆಗಲೂ ಬಲ ಕುಗ್ಗಿತು, ಆದರೆ ಮೊದಲಿನಷ್ಟಲ್ಲ. ಅಲ್ಲಿಗೆ ಎರಡು ಸೋರಿಕೆಗಳೂ ನಿಜವೆಂದಾಯಿತು: ಹೊಂದಾಣಿಕೆಯದು ಒಂದು, ಮನಸ್ಸಿನದು ಇನ್ನೊಂದು.

ಹತ್ತು ಜನರಿದ್ದ ಸ್ಟಾರ್ಟಪ್ ಐವತ್ತಕ್ಕೆ ಬೆಳೆದಾಗ ಫೌಂಡರ್ ಕಣ್ಣಿಗೆ ಮೊದಲು ಬೀಳುವುದು ಮನಸ್ಸಿನ ಸೋರಿಕೆ. ‘ಮೊದಲಿನವರಿಗಿದ್ದ ಹಸಿವು ಹೊಸಬರಿಗಿಲ್ಲ’ ಎಂಬ ಮಾತು ಶುರುವಾಗುತ್ತದೆ. ಇಡೀ ಕಂಪನಿಯ ಸಭೆ, ಅಂದರೆ ಟೌನ್‌ಹಾಲ್ ಕರೆಯುತ್ತಾರೆ, ಚಿಕ್ಕಮಗಳೂರಿಗೆ ಆಫ್‌ಸೈಟ್ ಹೋಗುತ್ತಾರೆ, ಗೋಡೆಯ ಮೇಲೆ ಮೌಲ್ಯಗಳ ಪಟ್ಟಿ ಬರುತ್ತದೆ. ಒಂದು ತಿಂಗಳು ಗೆಲುವಾಗಿದ್ದು ಮತ್ತೆ ಅದೇ ಪಾಡು. ಹಸಿವಿಲ್ಲದವರು ಯಾರೂ ಸ್ಟಾರ್ಟಪ್‌ಗೆ ಬಂದು ಸೇರುವುದಿಲ್ಲ. ಸೇರಿದ ಮೇಲೆ ಮೂರು ವಾರ ಒಂದು ಅನುಮೋದನೆಗೆ ಕಾದು, ಮಾಡಿದ ಕೆಲಸವನ್ನು ಇನ್ನೊಂದು ತಂಡವೂ ಮಾಡಿದ್ದು ಕಂಡು, ತಾನು ಬರೆದ ಕೋಡ್ ಗ್ರಾಹಕನಿಗೆ ಉಪಯೋಗವಾಯಿತೋ ಇಲ್ಲವೋ ಗೊತ್ತಾಗದೆ ಕೂತಾಗ ಹಸಿವು ಸಾಯುತ್ತದೆ. ಮನಸ್ಸಿನ ಸೋರಿಕೆಯ ಬಹುಪಾಲು ಹುಟ್ಟುವುದೇ ಹೊಂದಾಣಿಕೆಯ ಸೋರಿಕೆಯಿಂದ. ಹಾಗಾಗಿ ಹುರಿದುಂಬಿಸುವ ಕೆಲಸಕ್ಕಿಂತ ಬೇಸರ ತರಿಸುವಷ್ಟು ಸಾಮಾನ್ಯವಾದ ವ್ಯವಸ್ಥೆಯ ಕೆಲಸವೇ ಮುಖಂಡರಿಗೆ ಹೆಚ್ಚು.

ಎಳೆಗಳ ಲೆಕ್ಕ

ತಂಡದಲ್ಲಿ ಪ್ರತಿ ಇಬ್ಬರ ನಡುವೆ ಮಾತಿನ ಒಂದು ಎಳೆ ಇರುತ್ತದೆ ಎಂದುಕೊಳ್ಳಿ. 5 ಜನರಿಗೆ 10 ಎಳೆ, 12 ಜನರಿಗೆ 66, 30 ಜನರಿಗೆ 435, 100 ಜನರಿಗೆ 4,950. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಆಯಿತು. ತಡವಾದ ಸಾಫ್ಟ್‌ವೇರ್ ಯೋಜನೆಗೆ ಹೊಸದಾಗಿ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ಐಬಿಎಂನ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಹೇಳಿದ್ದರ ಹಿಂದೆಯೂ ಇದೇ ಗಣಿತವಿದೆ. ಹೊಸಬರು ಕಲಿಯುವ ಹೊತ್ತು, ಅವರಿಗೆ ಕಲಿಸಲು ಹಳಬರು ಕೆಲಸ ಬಿಟ್ಟು ಕೂರುವ ಹೊತ್ತು, ಮೇಲೆ ಹೆಚ್ಚಿದ ಎಳೆಗಳು.

ಹತ್ತು ಹನ್ನೆರಡು ಜನರವರೆಗೆ ಇದು ಯಾರಿಗೂ ಕಾಡುವುದಿಲ್ಲ. ಒಂದೇ ಕೋಣೆ, ಒಂದೇ ವಾಟ್ಸಾಪ್ ಗುಂಪು. ಫೌಂಡರ್ ಫೋನಿನಲ್ಲಿ ಗ್ರಾಹಕನ ಜೊತೆ ಜಗಳವಾಡುವುದು ಎಲ್ಲರ ಕಿವಿಗೂ ಬೀಳುತ್ತದೆ. ಇಪ್ಪತ್ತೈದು ಮೂವತ್ತರ ಹೊತ್ತಿಗೆ ಹೀಗೆ ಕಿವಿಗೆ ಬಿದ್ದೇ ತಿಳಿಯುವ ವ್ಯವಸ್ಥೆ ಮುರಿಯುತ್ತದೆ. ಮುರಿದದ್ದು ಗೊತ್ತಾಗುವುದು ತಡವಾಗಿ, ಏಕೆಂದರೆ ಫೌಂಡರ್‌ಗೆ ಆಗಲೂ ಎಲ್ಲ ತಿಳಿದಿರುತ್ತದೆ. ಎಲ್ಲ ಎಳೆಗಳೂ ಅವರ ಮೇಜಿನಲ್ಲೇ ಕೂಡುತ್ತವೆ. ತಿಳಿಯದೆ ಉಳಿಯುವವರು ಮಿಕ್ಕವರು.

ಪರಿಹಾರ ಎಳೆಗಳನ್ನು ಕತ್ತರಿಸುವುದು. ಇಬ್ಬರು ಮಾತಾಡದೆಯೇ ಇಬ್ಬರ ಕೆಲಸವೂ ಸಾಗುವಂತಿದ್ದರೆ ಆ ಎಳೆ ಬೇಕಿಲ್ಲ. ಇದಕ್ಕೆ 5ರಿಂದ 8 ಜನರ ತಂಡಗಳನ್ನು ಮಾಡಿ, ಒಂದೊಂದಕ್ಕೂ ಒಂದು ಕೆಲಸವನ್ನು ಆರಂಭದಿಂದ ಕೊನೆಯವರೆಗೆ ಒಪ್ಪಿಸಬೇಕು. ಪಾವತಿಯ ಕೆಲಸ ಎಂದರೆ ಇಬ್ಬರು ಬ್ಯಾಕೆಂಡ್ ಎಂಜಿನಿಯರ್‌ಗಳು, ಆ್ಯಪ್ ಬರೆಯುವ ಒಬ್ಬರು, ಒಬ್ಬ ಡಿಸೈನರ್, ಪರೀಕ್ಷೆ ಮಾಡುವ ಒಬ್ಬರು, ಪ್ರಾಡಕ್ಟ್ ನೋಡುವ ಒಬ್ಬರು. ಇವರಿಗೆ ಕೊಡುವ ಗುರಿ ಒಂದೇ ಅಂಕಿ: ನೂರು ಯುಪಿಐ ಪಾವತಿಗಳಲ್ಲಿ ಎಷ್ಟು ವಿಫಲವಾಗುತ್ತಿವೆ. ಸೋಮವಾರ ಬೆಳಿಗ್ಗೆ ಆ ಅಂಕಿ ಇಡೀ ತಂಡಕ್ಕೆ ಕಾಣಬೇಕು. ತಪ್ಪುವುದು ಎಲ್ಲೆಂದರೆ, ಸ್ಟಾರ್ಟಪ್‌ಗಳು ಕೌಶಲದ ಪ್ರಕಾರ ಬೇರ್ಪಡಿಸುತ್ತವೆ: ಡಿಸೈನರ್‌ಗಳೆಲ್ಲ ಒಂದು ಕಡೆ, ಟೆಸ್ಟರ್‌ಗಳೆಲ್ಲ ಒಂದು ಕಡೆ. ಆಗ ಒಂದು ಚಿಕ್ಕ ಬದಲಾವಣೆಯೂ ನಾಲ್ಕು ಸರದಿಗಳಲ್ಲಿ ನಿಲ್ಲುತ್ತದೆ, ಯಾರ ಕೈಯಲ್ಲೂ ಪೂರ್ತಿ ಫಲ ಇರುವುದಿಲ್ಲ.

ತಂಡ ಚಿಕ್ಕದಾಗಿಟ್ಟೇ ದೊಡ್ಡ ಕೆಲಸ ನಡೆಸಬಹುದು ಎಂಬುದಕ್ಕೆ ಬೆಂಗಳೂರಿನಲ್ಲೇ ಜೆರೋಧಾ ಇದೆ. 2010ರಲ್ಲಿ ಶುರುವಾದ ಈ ಕಂಪನಿ ಹೊರಗಿನ ಹೂಡಿಕೆ ಪಡೆಯದೆ, ಒಂದು ಕೋಟಿಗೂ ಹೆಚ್ಚು ಗ್ರಾಹಕರ ಷೇರು ವಹಿವಾಟಿನ ವೇದಿಕೆಯನ್ನು ಕೆಲವೇ ಡಜನ್ ಜನರ ತಂತ್ರಜ್ಞಾನ ತಂಡದಿಂದ ಕಟ್ಟಿತು. ಎಲ್ಲ ವ್ಯಾಪಾರಕ್ಕೂ ಇದು ಹೊಂದುವುದಿಲ್ಲ; ಊರೂರಿಗೆ ಸಾಮಾನು ತಲುಪಿಸುವ ಕಂಪನಿಗೆ ಜನ ಬೇಕೇ ಬೇಕು. ಆದರೆ ‘ಹೂಡಿಕೆ ಬಂದಿದೆ, ಆರು ತಿಂಗಳಲ್ಲಿ ತಲೆ ಎಣಿಕೆ ಎರಡರಷ್ಟಾಗಲಿ’ ಎಂಬ ಯೋಜನೆಯನ್ನು ಒಪ್ಪುವ ಮುನ್ನ ಒಂದು ಲೆಕ್ಕ ಹಾಕಿ: ಆರು ತಿಂಗಳ ಕೊನೆಗೆ ಕಂಪನಿಯ ಅರ್ಧ ಜನಕ್ಕೆ ಅಲ್ಲಿ ಆರು ತಿಂಗಳ ಅನುಭವವೂ ಇರುವುದಿಲ್ಲ. ಪ್ರತಿ ಹಳಬರ ಪಾಲಿಗೆ ಕಲಿಸಬೇಕಾದ ಒಬ್ಬ ಹೊಸಬ ಬಂದಂತಾಗಿ, ಹಳಬರ ಕೆಲಸ ನಿಲ್ಲುತ್ತದೆ.

ಯಾರು ನಿರ್ಧರಿಸಬೇಕು

ಮೂವತ್ತು ಜನರಾದ ಮೇಲೆ ಎಲ್ಲಕ್ಕಿಂತ ಹೆಚ್ಚು ಬೇಸರ ತರಿಸುವುದು ನಿರ್ಧಾರಕ್ಕಾಗಿ ಕಾಯುವುದು. ಬಗೆಹರಿಸುವ ವಿಧಾನ ಸರಳ, ಮಾಡುವವರು ಕಡಿಮೆ. ಕಳೆದ ಒಂದು ತಿಂಗಳಲ್ಲಿ ಫೌಂಡರ್ ಬಳಿ ಬಂದ ನಿರ್ಧಾರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬೆಲೆಯಲ್ಲಿ ರಿಯಾಯಿತಿ, ಸರ್ವರ್ ಖರ್ಚು, ಗ್ರಾಹಕನಿಗೆ ಹಣ ವಾಪಸ್, ಹೊಸ ನೇಮಕ, ಯಾವ ಫೀಚರ್ ಮೊದಲು, ಹೀಗೆ. ಪ್ರತಿಯೊಂದರ ಮುಂದೆ ಒಬ್ಬರ ಹೆಸರು. ಇಬ್ಬರ ಹೆಸರು ಬರೆದರೆ ಯಾರದೂ ಬರೆಯದ ಹಾಗೆಯೇ. ಹಿಂತೆಗೆದುಕೊಳ್ಳಬಹುದಾದ ನಿರ್ಧಾರಗಳನ್ನೆಲ್ಲ ಕೆಳಗೆ ಇಳಿಸಿ, ಮೊತ್ತದ ಮಿತಿ ಹಾಕಿ. ಉದಾಹರಣೆಗೆ, 5,000 ರೂಪಾಯಿಯವರೆಗಿನ ರೀಫಂಡನ್ನು ಸಪೋರ್ಟ್‌ನವರೇ ಕೊಡಲಿ, 50,000ದವರೆಗೆ ಅವರ ಮ್ಯಾನೇಜರ್, ಅದರ ಮೇಲಿನದು ಮಾತ್ರ ಮೇಲೆ ಬರಲಿ. ಹಿಂತೆಗೆಯಲು ಕಷ್ಟವಾದವು, ಅಂದರೆ ದತ್ತಾಂಶದ ಸುರಕ್ಷತೆ, ಷೇರು ಪಾಲು, ದೊಡ್ಡ ಒಪ್ಪಂದಗಳು ಫೌಂಡರ್ ಬಳಿಯೇ ಇರಲಿ.

ಇಲ್ಲಿ ಕೆಡುವುದು ಎರಡನೇ ವಾರದಲ್ಲಿ. ತನಗೆ ಇಷ್ಟವಾಗದ ಒಂದು ನಿರ್ಧಾರ ಕಂಡ ಫೌಂಡರ್ ಅದನ್ನು ಗುಂಪಿನಲ್ಲಿ ಎಲ್ಲರೆದುರು ಬದಲಿಸುತ್ತಾರೆ. ಅಲ್ಲಿಂದಾಚೆಗೆ ಎಲ್ಲ ನಿರ್ಧಾರಗಳೂ ‘ಸರ್, ಒಮ್ಮೆ ನೋಡಿಬಿಡಿ’ ಎಂದು ಮತ್ತೆ ಮೇಲಕ್ಕೇ ಬರುತ್ತವೆ. ತಪ್ಪು ನಿರ್ಧಾರವಾದರೆ ಅದನ್ನು ತೆಗೆದುಕೊಂಡವರ ಜೊತೆ ಪ್ರತ್ಯೇಕವಾಗಿ ಮಾತಾಡಿ, ಬದಲಿಸುವುದಿದ್ದರೆ ಅವರೇ ಬದಲಿಸಲಿ.

ಗುರಿಗಳ ವಿಷಯ ಚಿಕ್ಕದು. ಇಂಟೆಲ್‌ನಲ್ಲಿ ಆ್ಯಂಡಿ ಗ್ರೋವ್ ರೂಢಿಸಿದ ಓಕೆಆರ್ ಪದ್ಧತಿಯನ್ನು (ಗುರಿಯನ್ನೂ ಅದನ್ನು ಮುಟ್ಟಿದ್ದೇವೆಯೇ ಎಂದು ತೋರಿಸುವ ಅಂಕಿಗಳನ್ನೂ ಮೊದಲೇ ಬರೆದಿಡುವುದು) ಹೂಡಿಕೆದಾರ ಜಾನ್ ಡೋರ್ 1999ರಲ್ಲಿ ಗೂಗಲ್‌ಗೆ ಒಯ್ದರು; ಈಗ ಕೋರಮಂಗಲದ ಇಪ್ಪತ್ತು ಜನರ ಕಂಪನಿಯಲ್ಲೂ ಅದೇ ಮಾತು. ಮೂರು ತಿಂಗಳಿಗೆ ಒಂದು ತಂಡಕ್ಕೆ ಮೂರಕ್ಕಿಂತ ಹೆಚ್ಚು ಗುರಿ ಬೇಡ. ಆ ಅಂಕಿಗಳನ್ನು ಅಪ್ರೈಸಲ್‌ಗೆ ನೇರವಾಗಿ ಕಟ್ಟಿದರೆ ಮುಂದಿನ ಸಲ ಎಲ್ಲರೂ ಸುಲಭದ ಗುರಿಯನ್ನೇ ಬರೆದುಕೊಡುತ್ತಾರೆ. ಅಷ್ಟೇ ಹೇಳಬೇಕಾದದ್ದು.

ಮ್ಯಾನೇಜರ್ ಎಂಬ ಹೊಸ ಉದ್ಯೋಗ

ಮೊದಲ ಮ್ಯಾನೇಜರ್‌ಗಳು ಬೇಕಾಗುವುದೂ ಇದೇ ಇಪ್ಪತ್ತೈದು ಮೂವತ್ತರ ಗಡಿಯಲ್ಲಿ. ಸಾಮಾನ್ಯವಾಗಿ ಕಂಪನಿಯ ಅತ್ಯುತ್ತಮ ಎಂಜಿನಿಯರ್‌ಗೇ ಆ ಪಟ್ಟ. ಒಳ್ಳೆಯ ಎಂಜಿನಿಯರ್ ಹೋದರು, ಹಿಂಜರಿಯುವ ಮ್ಯಾನೇಜರ್ ಬಂದರು. ಹಗಲೆಲ್ಲ ಮೀಟಿಂಗ್, ರಾತ್ರಿ ಕುಳಿತು ತಂಡದವರ ಕೋಡ್ ತಿದ್ದುವುದು. ತಂಡದವರಿಗೆ ಅದು ಅವಮಾನ, ಇವರಿಗೆ ನಿದ್ದೆಗೇಡು. ಮ್ಯಾನೇಜರ್ ಆಗದೆಯೂ ಸಂಬಳ ಮತ್ತು ಹುದ್ದೆಯಲ್ಲಿ ಮೇಲೇರುವ ಇನ್ನೊಂದು ಏಣಿ ಇದ್ದರೆ ಮಾತ್ರ ಈ ತಪ್ಪು ನಿಲ್ಲುತ್ತದೆ. ನಮ್ಮಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು, ಏಕೆಂದರೆ ‘ನಿನ್ನ ಕೈಕೆಳಗೆ ಎಷ್ಟು ಜನ ಇದ್ದಾರಪ್ಪಾ’ ಎಂದು ಮದುವೆ ಮನೆಯಲ್ಲೂ ಕೇಳುತ್ತಾರೆ. ಮ್ಯಾನೇಜರ್ ಕೆಲಸ ಒಪ್ಪಿದವರಿಗೆ ಆರು ತಿಂಗಳಲ್ಲಿ ಮರ್ಯಾದೆಯಿಂದ ಹಿಂದಕ್ಕೆ ಬರುವ ದಾರಿಯನ್ನೂ ಮೊದಲೇ ಬರೆದುಕೊಡಿ, ಸಂಬಳ ಕಡಿಮೆಯಾಗಬಾರದು.

ಮ್ಯಾನೇಜರ್‌ಗಳೇ ಬೇಡ ಎಂಬ ಉಪಾಯವನ್ನು ಗೂಗಲ್ 2002ರಲ್ಲಿ ಎಂಜಿನಿಯರಿಂಗ್ ವಿಭಾಗದಲ್ಲಿ ಮಾಡಿ ನೋಡಿತು. ಕೆಲವೇ ತಿಂಗಳಲ್ಲಿ ಕೈಬಿಟ್ಟಿತು. ಖರ್ಚಿನ ಬಿಲ್ಲಿನಿಂದ ಹಿಡಿದು ಸಹೋದ್ಯೋಗಿಗಳ ಜಗಳದವರೆಗೆ ಎಲ್ಲವೂ ಫೌಂಡರ್‌ಗಳಲ್ಲೊಬ್ಬರಾದ ಲ್ಯಾರಿ ಪೇಜ್ ಬಳಿಯೇ ಬರತೊಡಗಿತ್ತು. 2008ರಲ್ಲಿ ಅದೇ ಕಂಪನಿ ‘ಪ್ರಾಜೆಕ್ಟ್ ಆಕ್ಸಿಜನ್’ ಎಂಬ ಅಧ್ಯಯನದಲ್ಲಿ ಒಳ್ಳೆಯ ಮ್ಯಾನೇಜರ್‌ಗಳ ಲಕ್ಷಣ ಹುಡುಕಿದಾಗ, ಕಲಿಸುವುದು, ಪ್ರತಿಯೊಂದಕ್ಕೂ ಕೈಹಾಕದಿರುವುದು, ಕೇಳಿಸಿಕೊಳ್ಳುವುದು ಮೊದಲಾದವು ಮೇಲೆ ಬಂದವು. ತಾಂತ್ರಿಕ ಪ್ರಾವೀಣ್ಯ ಎಂಟು ಗುಣಗಳ ಪಟ್ಟಿಯಲ್ಲಿ ಕೊನೆಯದಾಗಿತ್ತು.

ಒಬ್ಬ ಮ್ಯಾನೇಜರ್‌ಗೆ 6ರಿಂದ 8 ಜನ ಸಾಕು. ಪ್ರತಿಯೊಬ್ಬರ ಜೊತೆ ವಾರಕ್ಕೊಮ್ಮೆ ಅರ್ಧ ಗಂಟೆ ಒಬ್ಬರಿಗೊಬ್ಬರು ಕುಳಿತು ಮಾತಾಡುವುದು ಖಾಯಂ ಆಗಿರಲಿ. ಎಂಟು ಜನರಾದರೆ ವಾರಕ್ಕೆ ನಾಲ್ಕು ಗಂಟೆ ಅಷ್ಟಕ್ಕೇ ಹೋಯಿತು, ಹನ್ನೆರಡು ಜನರನ್ನು ಕೊಟ್ಟರೆ ಆಗದು ಎನ್ನುವುದು ಇದಕ್ಕೇ. ಆ ಅರ್ಧ ಗಂಟೆ ಕೆಲಸದ ವರದಿಗಲ್ಲ. ‘ಈ ವಾರ ಯಾವುದಕ್ಕಾಗಿ ಕಾದಿರಿ?’, ‘ಯಾವ ಕೆಲಸ ದಂಡ ಅನ್ನಿಸಿತು?’, ‘ನಾನು ಯಾವುದರಿಂದ ದೂರ ಇರಬೇಕು?’ ಇಂಥ ಪ್ರಶ್ನೆಗಳು ಕೆಲಸಕ್ಕೆ ಬರುತ್ತವೆ. ‘ಎಲ್ಲ ಸರಿಯಿದೆಯಾ?’ ಎಂದು ಕೇಳಿದರೆ ನಮ್ಮವರು ‘ಹೂಂ ಸರ್, ಎಲ್ಲ ಚೆನ್ನಾಗಿದೆ’ ಎಂದೇ ಅನ್ನುವುದು. ಹೆಸರು ಹಿಡಿದು ಕರೆಯಿರಿ ಎಂದು ನಿಯಮ ಮಾಡಿದ ಮಾತ್ರಕ್ಕೆ ಈ ಸಂಕೋಚ ಹೋಗದು.

ಸಂಕೋಚ ಬರೀ ಶಿಷ್ಟಾಚಾರದ ಮಾತಲ್ಲ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದಾಗ, ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧದ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಆ ತಂಡಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಆದ ತಪ್ಪನ್ನು ಹೆದರದೆ ಹೇಳುತ್ತಿದ್ದವು ಎಂಬುದು ಅವರ ವಿವರಣೆ. ಸ್ಟಾರ್ಟಪ್‌ನಲ್ಲಿ ಇದನ್ನು ಅಭ್ಯಾಸಕ್ಕೆ ತರುವ ಜಾಗ ಸರ್ವರ್ ಬಿದ್ದ ಮರುದಿನದ ಸಭೆ. ಏನಾಯಿತು, ಎಷ್ಟು ಹೊತ್ತಿಗೆ ಗೊತ್ತಾಯಿತು, ಏಕೆ ಮೊದಲೇ ಗೊತ್ತಾಗಲಿಲ್ಲ, ಮತ್ತೆ ಆಗದಂತೆ ಯಾವ ತಡೆ ಹಾಕುತ್ತೇವೆ, ಅದನ್ನು ಯಾರು ಎಂದಿನೊಳಗೆ ಮಾಡುತ್ತಾರೆ: ಬರೆಯಬೇಕಾದದ್ದು ಇಷ್ಟು. ‘ಯಾರು ಮಾಡಿದ್ದು’ ಎಂಬ ಪ್ರಶ್ನೆ ಫೌಂಡರ್ ಬಾಯಿಂದ ಒಮ್ಮೆ ಬಂದರೂ ಮುಂದಿನ ಸಲ ಸುದ್ದಿ ಗ್ರಾಹಕನಿಂದಲೇ ಬರುತ್ತದೆ.

ಆಯ್ಕೆ, ಮತ್ತು ಸೇರಿದ ಮೊದಲ ತಿಂಗಳುಗಳು

ಮೊದಲ ಹತ್ತು ಜನ ಪರಿಚಯದವರು, ಕಾಲೇಜಿನ ಸ್ನೇಹಿತರು. ಆಮೇಲಿನವರನ್ನೂ ‘ಮಾತಾಡಿದರೆ ಗೊತ್ತಾಗುತ್ತೆ’ ಎಂದು ಆರಿಸಿದರೆ ಸಿಗುವುದು ಚೆನ್ನಾಗಿ ಮಾತಾಡುವವರು. ಹುದ್ದೆ ತೆರೆಯುವ ಮುನ್ನ ಅರ್ಧ ಪುಟ ಬರೆಯಿರಿ: ಈ ವ್ಯಕ್ತಿ ಆರು ತಿಂಗಳಲ್ಲಿ ಮಾಡಿ ಮುಗಿಸಬೇಕಾದ ಮೂರು ಕೆಲಸ ಯಾವುವು. ಸಂದರ್ಶನ ಮಾಡುವ ನಾಲ್ವರೂ ಒಂದೇ ಪ್ರಶ್ನೆ ಕೇಳದಂತೆ ವಿಷಯ ಹಂಚಿ. ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ, ಎರಡು ಗಂಟೆಯಲ್ಲಿ ಮುಗಿಯುವ ನಿಜ ಕೆಲಸದ ಒಂದು ತುಣುಕು. ಒಬ್ಬರು ಇನ್ನೊಬ್ಬರ ಜೊತೆ ಚರ್ಚಿಸುವ ಮುನ್ನ ಅಂಕ ಬರೆದಿಡಬೇಕು. ಇಲ್ಲದಿದ್ದರೆ ಹಿರಿಯರು ಮೊದಲು ಬಾಯಿಬಿಟ್ಟದ್ದೇ ತೀರ್ಪು.

ಬೆಂಗಳೂರಿನ ತೊಂದರೆ ಇನ್ನೊಂದು. ದೊಡ್ಡ ಐಟಿ ಕಂಪನಿಗಳಿಂದ ಬರುವವರಿಗೆ 60ರಿಂದ 90 ದಿನಗಳ ನೋಟಿಸ್ ಪೀರಿಯಡ್. ಆಫರ್ ಒಪ್ಪಿಕೊಂಡವರು ಆ ಮೂರು ತಿಂಗಳಲ್ಲಿ ಅದನ್ನೇ ತೋರಿಸಿ ಇನ್ನೂ ಎರಡು ಕಡೆ ಆಫರ್ ಪಡೆಯುತ್ತಾರೆ. ಬೈದು ಪ್ರಯೋಜನವಿಲ್ಲ. ಅವರ ಮುಂದಿನ ಮ್ಯಾನೇಜರ್ (ಎಚ್‌ಆರ್ ಅಲ್ಲ) ಎರಡು ವಾರಕ್ಕೊಮ್ಮೆ ಫೋನ್ ಮಾಡಲಿ, ತಂಡದವರ ಜೊತೆ ಒಂದು ಊಟವಾಗಲಿ, ಮೊದಲ ಕೆಲಸ ಏನೆಂದು ತಿಳಿಸಿಬಿಡಲಿ. ಸೇರಿದ ಮೊದಲ ವಾರದಲ್ಲೇ ಏನಾದರೂ ಒಂದು ಚಿಕ್ಕದು ಗ್ರಾಹಕನವರೆಗೆ ತಲುಪಬೇಕು. 30ನೇ ದಿನ ತನ್ನದೇ ಒಂದು ಕೆಲಸ, 90ನೇ ದಿನ ಒಂದು ಅಂಕಿಯ ಹೊಣೆ. ಲ್ಯಾಪ್‌ಟಾಪ್, ಪಾಸ್‌ವರ್ಡ್‌ಗಳಿಗೇ ಐದು ದಿನ ಕಾಯಿಸಿದರೆ, ಕಾಯುವುದೇ ಇಲ್ಲಿನ ಪದ್ಧತಿ ಎಂದು ಅವರು ಕಲಿತಿರುತ್ತಾರೆ.

ದುಡ್ಡಿನ ಮಾತು, ಮುಖ್ಯವಾಗಿ ಇಸಾಪ್

ಸಂಬಳವೊಂದರಿಂದಲೇ ಹುಮ್ಮಸ್ಸು ಬರದಿರಬಹುದು. ಅನ್ಯಾಯದ ಸಂಬಳದಿಂದ ಅದು ಖಂಡಿತ ಹೋಗುತ್ತದೆ. ಮೂರು ವರ್ಷ ಕಂಪನಿಯನ್ನು ಹೊತ್ತವರಿಗಿಂತ ನಿನ್ನೆ ಸೇರಿದವರಿಗೆ ಹೆಚ್ಚು ಕೊಡುವುದು ಬೆಳೆಯುವ ಸ್ಟಾರ್ಟಪ್‌ನ ಖಾಯಂ ರೋಗ. ಐವತ್ತು ಜನರಾಗುವುದರೊಳಗೆ ಪ್ರತಿ ಹಂತಕ್ಕೂ ಕನಿಷ್ಠ–ಗರಿಷ್ಠ ಮಿತಿ ಬರೆದು, ವರ್ಷಕ್ಕೊಮ್ಮೆ ಹಳಬರನ್ನೆಲ್ಲ ಅದಕ್ಕೆ ಸರಿಹೊಂದಿಸಬೇಕು, ಅವರು ರಾಜೀನಾಮೆ ಕೊಡುವವರೆಗೆ ಕಾಯದೆ.

ಇಸಾಪ್, ಅಂದರೆ ನೌಕರರಿಗೆ ಕೊಡುವ ಷೇರಿನ ಆಯ್ಕೆ, ನಮ್ಮ ಊರಿಗೆ ಹೊಸದಲ್ಲ. ಇನ್ಫೊಸಿಸ್ 1994ರಲ್ಲೇ ತಂದಿತ್ತು. ಚೆನ್ನೈಯಲ್ಲಿ ಹುಟ್ಟಿದ ಫ್ರೆಶ್‌ವರ್ಕ್ಸ್ 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆಗೆ ಹೋದಾಗ ಭಾರತದ 500ಕ್ಕೂ ಹೆಚ್ಚು ನೌಕರರು ಕೋಟ್ಯಧಿಪತಿಗಳಾದರು. ಆದರೆ ಆಫರ್ ಪತ್ರದಲ್ಲಿ ‘10,000 ಇಸಾಪ್’ ಎಂದು ಬರೆದರೆ ಓದುವವರಿಗೆ ಏನೂ ಹೇಳಿದಂತಾಗಲಿಲ್ಲ. ಒಟ್ಟು ಷೇರು ಒಂದು ಕೋಟಿ ಇದ್ದರೆ ಅದು ಶೇ 0.1, ಹತ್ತು ಕೋಟಿ ಇದ್ದರೆ ಶೇ 0.01. ಮುಂದಿನ ಸುತ್ತಿನಲ್ಲಿ ಹೂಡಿಕೆದಾರರಿಗೆ ಶೇ 20 ಪಾಲು ಹೋದರೆ ಆ 0.1 ಕುಗ್ಗಿ 0.08 ಆಗುತ್ತದೆ. ಕಂಪನಿ ಕಡಿಮೆ ಬೆಲೆಗೆ ಮಾರಾಟವಾದರೆ ಒಪ್ಪಂದದಂತೆ ಹೂಡಿಕೆದಾರರ ಹಣ ಮೊದಲು ಹೋಗಿ, ಮಿಕ್ಕದ್ದರಲ್ಲಿ ಉಳಿದವರ ಪಾಲು.

ಸಾಮಾನ್ಯ ಪದ್ಧತಿ ನಾಲ್ಕು ವರ್ಷಗಳಲ್ಲಿ ಹಂತಹಂತವಾಗಿ ಕೈಗೆ ಬರುವುದು, ಮೊದಲ ವರ್ಷ ತುಂಬುವವರೆಗೆ ಏನೂ ಇಲ್ಲ. ಕನಿಷ್ಠ ಒಂದು ವರ್ಷದ ಅಂತರ ನಮ್ಮ ಕಂಪನಿ ಕಾನೂನಿನ ನಿಯಮವೂ ಹೌದು. ಜನ ಎಡವುವುದು ತೆರಿಗೆಯಲ್ಲಿ. ಆ 10,000 ಆಯ್ಕೆಗಳನ್ನು ತಲಾ 10 ರೂಪಾಯಿಗೆ ಷೇರು ಮಾಡಿಕೊಳ್ಳುವ ದಿನ ಷೇರಿನ ಮೌಲ್ಯ 500 ರೂಪಾಯಿ ಇದ್ದರೆ, ವ್ಯತ್ಯಾಸದ 49 ಲಕ್ಷ ರೂಪಾಯಿಯನ್ನು ಸಂಬಳ ಎಂದೇ ಲೆಕ್ಕ ಹಾಕಲಾಗುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿರುವವರಿಗೆ ಸೆಸ್ ಬಿಟ್ಟೇ 14.7 ಲಕ್ಷ ತೆರಿಗೆ, ಷೇರು ಮಾರಿ ಒಂದು ರೂಪಾಯಿಯೂ ಕೈಗೆ ಬರುವ ಮುನ್ನ. 2020ರ ಬಜೆಟ್ ಈ ತೆರಿಗೆಯನ್ನು ಸುಮಾರು ಐದು ವರ್ಷ, ಅಥವಾ ಷೇರು ಮಾರುವ ಇಲ್ಲವೇ ಕೆಲಸ ಬಿಡುವ ದಿನ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ಮುಂದೂಡಲು ಅವಕಾಶ ಕೊಟ್ಟಿತು. ಆದರೆ ಅದು ಕೇಂದ್ರ ಸರ್ಕಾರದ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ. ಕೆಲಸ ಬಿಟ್ಟ ಮೇಲೆ 90 ದಿನದೊಳಗೆ ಷೇರು ಕೊಳ್ಳಿ, ಇಲ್ಲವಾದರೆ ರದ್ದು ಎಂಬ ಷರತ್ತು ಸೇರಿಕೊಂಡರೆ, ನಾಲ್ಕು ವರ್ಷ ದುಡಿದವರು ಸಾಲ ಮಾಡಿ ತೆರಿಗೆ ಕಟ್ಟಬೇಕು ಅಥವಾ ಎಲ್ಲ ಬಿಟ್ಟುಹೋಗಬೇಕು. ಈ ಅವಧಿಯನ್ನು ವರ್ಷಗಳಿಗೆ ಹಿಗ್ಗಿಸುವುದಕ್ಕೆ ಕಂಪನಿಗೆ ನಗದು ಖರ್ಚಿಲ್ಲ. ಬಿಟ್ಟುಹೋದವರು ಅನ್ಯಾಯವಾಯಿತೆಂದು ಹೇಳಿಕೊಂಡರೆ ಒಳಗಿರುವವರ ನಂಬಿಕೆಯೂ ಹೋಗುತ್ತದೆ.

ಮಾರಾಟ ತಂಡದ ಇನ್ಸೆಂಟಿವ್ ಬಗ್ಗೆ ಒಂದೇ ಎಚ್ಚರಿಕೆ: ಸಹಿಯಾದ ಒಪ್ಪಂದಕ್ಕೆ ಕೊಟ್ಟರೆ ತಿಂಗಳ ಕೊನೆಯಲ್ಲಿ ರಿಯಾಯಿತಿಯ ಸುರಿಮಳೆ. ಗ್ರಾಹಕನ ಹಣ ಖಾತೆಗೆ ಬಂದ ಮೇಲೆ ಅರ್ಧ, ಅವನು ಮೂರು ತಿಂಗಳು ಉಳಿದ ಮೇಲೆ ಮಿಕ್ಕರ್ಧ.

ಸಂಖ್ಯೆ ದಾಟಿದಾಗ ಕಾನೂನು

10 ಜನರಾದರೆ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಬೇಕು, 20 ಆದರೆ ಭವಿಷ್ಯನಿಧಿ, 50 ಆದರೆ ಶಿಶುಪಾಲನಾ ಕೊಠಡಿ. ಸಮಿತಿಯನ್ನು ಕಾಗದದ ಮೇಲೆ ಮಾಡಿ ಮರೆಯುವ ಕಂಪನಿಗಳೇ ಹೆಚ್ಚು. ದೂರು ಬಂದ ದಿನ ಹೊರಗಿನ ಸದಸ್ಯರ ಫೋನ್ ನಂಬರ್ ಹುಡುಕುವ ಪರಿಸ್ಥಿತಿ ಬರುತ್ತದೆ, ಆ ವಾರ ಇಡೀ ತಂಡ ಗಮನಿಸುವುದು ಅದನ್ನೊಂದನ್ನೇ.

ಏನನ್ನು ಅಳೆಯಬೇಕು

ತಿಂಗಳಿಗೊಮ್ಮೆ ನಾಲ್ಕು ಅಂಕಿ ನೋಡಿದರೆ ಸಾಕು. ಒಂದು ನಿರ್ಧಾರ ಕೇಳಿದ ದಿನದಿಂದ ಉತ್ತರ ಬರುವವರೆಗೆ ಸರಾಸರಿ ಎಷ್ಟು ದಿನ. ಕೊಟ್ಟ ಆಫರ್‌ಗಳಲ್ಲಿ ಎಷ್ಟು ಜನ ನಿಜವಾಗಿ ಬಂದು ಸೇರಿದರು. ಸೇರಿದ ವರ್ಷದೊಳಗೆ ಬಿಟ್ಟವರು ಎಷ್ಟು. ಬಿಟ್ಟವರಲ್ಲಿ ‘ಹೋಗಬಾರದಿತ್ತು’ ಎಂದು ಅವರ ತಂಡದವರು ಹೇಳುವವರು ಎಷ್ಟು. ಈ ಕೊನೆಯದು ಒಂದೇ ಮ್ಯಾನೇಜರ್ ಕೆಳಗೆ ಆರು ತಿಂಗಳಲ್ಲಿ ಎರಡಾದರೆ ಆ ಮ್ಯಾನೇಜರ್ ಜೊತೆ ಕೂರಬೇಕು, ಮೂರಾಗುವವರೆಗೆ ಕಾಯಬಾರದು. ಕೆಲಸ ಮಾಡದವರನ್ನು ಉಳಿಸಿಕೊಂಡು ಬಂದಿರುವುದೂ ಚೆನ್ನಾಗಿ ಮಾಡುವವರು ಹೋಗುವುದಕ್ಕೆ ಆಗಾಗ ಕಾರಣ; ಎಲ್ಲಿ ಸಾಲದು ಎಂದು ಬರೆದುಕೊಟ್ಟು, ಆರು ವಾರ ಸಮಯ ಕೊಟ್ಟು, ವಾರವಾರ ನೋಡಿ, ಆಗದಿದ್ದರೆ ಬಾಕಿಯೆಲ್ಲ ಚುಕ್ತಾ ಮಾಡಿ ಕಳುಹಿಸುವುದು ಇಬ್ಬರಿಗೂ ಒಳ್ಳೆಯದು. ಹೆಸರಿಲ್ಲದ ಸಮೀಕ್ಷೆ ಮಾಡುವುದಾದರೆ ಐವರಿಗಿಂತ ಕಡಿಮೆ ಜನ ಉತ್ತರಿಸಿದ ತಂಡದ ಫಲಿತಾಂಶವನ್ನು ಪ್ರತ್ಯೇಕವಾಗಿ ತೋರಿಸಬೇಡಿ. ಯಾರು ಏನು ಬರೆದರೆಂದು ಮ್ಯಾನೇಜರ್ ಊಹಿಸಿಬಿಡುತ್ತಾರೆ, ಮುಂದಿನ ಸಲ ಎಲ್ಲರೂ ಐದಕ್ಕೆ ಐದು ಅಂಕ ಕೊಡುತ್ತಾರೆ.